ಬ್ಯಾಟರಿ ಸೂಜಿಯ ಕಲೆಗಳು

ಹೊಸದಾಗಿ ಡಾಕ್ಟರಾದ ಹುಡುಗಿಯರು ನನ್ನನ್ನು ನೋಡಲು ಬಂದಾಗ ಹೆಚ್ಚಾಗಿ ಹೆರಿಗೆಯ ಕಥೆಗಳನ್ನೇ ಕೇಳುತ್ತಾರೆ. ದಾರಿಯಿಲ್ಲದ ಊರಿಗೆ ನಡೆದು ಹೋದದ್ದು, ತುಂಬಿದ ಹೊಳೆ ದಾಟಿದ್ದು, ಅಡ್ಡ ತಿರುಗಿದ ಮಗುವನ್ನು ಸರಿಮಾಡಿದ್ದು. ಅವೆಲ್ಲ ನಡೆದದ್ದು ಹೌದು. ಆದರೆ ಅಂಥವನ್ನು ನಮ್ಮ ಕಡೆಯ ಸೂಲಗಿತ್ತಿಯರು ನನಗಿಂತ ಚೆನ್ನಾಗಿ ಹೇಳಬಲ್ಲರು. ನಾನು ಬರೆದಿಡಬೇಕೆಂದಿರುವುದು ಕೆಲವು ಹೆಂಗಸರ ಮುಖಗಳ ವಿಷಯ. ಮುಖದ ಕಲೆ ಯಾರ ಜೀವವನ್ನೂ ತೆಗೆಯುವುದಿಲ್ಲ ಎಂದು ಕಾಲೇಜಿನಲ್ಲಿ ನಮಗೆ ಅದನ್ನು ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಿದ್ದರು. ಕೆಲಸಕ್ಕೆ ಸೇರಿದ ಮೇಲೆ ನಾನು ಅದನ್ನು ಹಲವು ವರ್ಷ ಕಲಿಯಬೇಕಾಯಿತು.

ನಮ್ಮ ಜಿಲ್ಲೆ ಮದ್ರಾಸಿನಿಂದ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ನಾನು ಮದ್ರಾಸಿನಲ್ಲಿ ಓದು ಮುಗಿಸಿ ಬಂದು ಪುತ್ತೂರಿನಲ್ಲಿ ಒಂದು ಚಿಕ್ಕ ಖಾಸಗಿ ಆಸ್ಪತ್ರೆಗೆ ಸೇರಿದ್ದೆ. ಆ ಆಸ್ಪತ್ರೆ ಈಗ ಇಲ್ಲ. ಅದನ್ನು ನಡೆಸುತ್ತಿದ್ದವರು ಪ್ರಭು ಡಾಕ್ಟರು. ಐವತ್ತು ದಾಟಿದ ಸರ್ಜನ್, ಮಾತು ಕಡಿಮೆ, ಕೈ ಬಹಳ ಒಳ್ಳೆಯದು. ಅವರ ಹೊಲಿಗೆಯನ್ನು ನೋಡಲೆಂದೇ ಮಂಗಳೂರಿನಿಂದ ಕಿರಿಯ ಡಾಕ್ಟರುಗಳು ಬರುತ್ತಿದ್ದರು. ತಮ್ಮ ಕೈಯ ಬಗ್ಗೆ ಅವರಿಗೂ ಹೆಮ್ಮೆಯಿತ್ತು. ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ.

ಒಂದು ದಿನ ಕಬಕದಿಂದ ಬ್ಯಾರಿ ಮನೆತನದ ತಾಯಿ ಮಗಳು ಬಂದರು. ತಾಯಿಯ ಹೆಸರು ಬೀಫಾತಿಮ್ಮ. ಮಗಳು ನಫೀಸಾಳಿಗೆ ಹದಿನೆಂಟು ಹತ್ತೊಂಬತ್ತು ಇರಬಹುದು. ತಲೆಗೆ ಹೊದ್ದ ಬಟ್ಟೆಯ ಅಂಚನ್ನು ಮೂಗಿನ ತನಕ ಎಳೆದು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಬಟ್ಟೆ ಕೀವಿನಿಂದ ಒದ್ದೆಯಾಗಿತ್ತು.

"ಎಣ್ಣೆ ಹಾರಿದ್ದು ಡಾಕ್ಟ್ರಮ್ಮ, ಮೀನು ಕಾಯಿಸುವಾಗ," ಎಂದರು ತಾಯಿ.

ಬಟ್ಟೆ ಸರಿಸಿ ನೋಡಿದೆ. ಗದ್ದದ ಉದ್ದಕ್ಕೂ, ಮೇಲ್ತುಟಿಯ ಎರಡು ಬದಿಗೂ ಸಣ್ಣ ಸಣ್ಣ ಸುಟ್ಟ ಗಾಯಗಳು. ಕೆಲವು ಕಡೆ ಅವು ಒಂದಕ್ಕೊಂದು ಕೂಡಿ ಹುಣ್ಣಾಗಿದ್ದವು. ಒಣಗಿದ ಕಡೆಗಳಲ್ಲಿ ಚರ್ಮ ಹೊಂಡ ಬಿದ್ದು, ಆ ಹೊಂಡದ ತಳದಲ್ಲಿ ಕಪ್ಪು ಚುಕ್ಕೆ ಕಾಣುತ್ತಿತ್ತು. ಹಾರಿದ ಎಣ್ಣೆ ಹೀಗೆ ಗಡ್ಡ ಬೆಳೆಯುವ ಜಾಗವನ್ನೇ ಹುಡುಕಿಕೊಂಡು ಬೀಳುವುದಿಲ್ಲ. ಅವಳ ಕೈ ಮೇಲೆ ಒಂದು ಕಲೆಯೂ ಇರಲಿಲ್ಲ. ನಾನು ತಾಯಿಯನ್ನು ನರ್ಸಿನ ಜೊತೆ ಬಿಸಿನೀರು ತರಲು ಕಳಿಸಿ ಬಾಗಿಲು ಹಾಕಿದೆ.

"ಯಾರು ಮಾಡಿದ್ದು ಇದನ್ನು?"

"ಹೇಳಿದ್ರೆ ನೀವು ಬೈತೀರಿ."

"ಬೈಯುದಿಲ್ಲ. ಗೊತ್ತಿಲ್ಲದೆ ಮದ್ದು ಮಾಡುದು ಹೇಗೆ?"

ಅವಳು ನೆಲ ನೋಡುತ್ತಾ ಹೇಳಿದಳು. "ಕಡಬದಲ್ಲಿ ಒಬ್ಬರು ಉಂಟಲ್ಲ, ಬೊಂಬಾಯಿ ಲಲಿತಕ್ಕ ಅಂತ. ಕೂದಲಿನ ಬುಡಕ್ಕೆ ಸೂಜಿ ಹಾಕಿ ಬ್ಯಾಟರಿಯಿಂದ ಕರೆಂಟ್ ಕೊಡುದು. ಮತ್ತೆ ಯಾವತ್ತೂ ಬರುದಿಲ್ಲ ಅಂತ ಹೇಳಿದ್ರು. ನನಗೆ ಮದುವೆ ಮಾತು ಆಗಿತ್ತು ಡಾಕ್ಟ್ರಮ್ಮ. ಹುಡುಗನ ಅಕ್ಕ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ್ರು. ನನ್ನ ಹತ್ತಿರ ಎಂತದೂ ಹೇಳ್ಲಿಲ್ಲ. ಉಮ್ಮನ ಹತ್ತಿರ ಮಾತ್ರ ಏನೋ ಹೇಳಿದ್ರು. ಉಮ್ಮ ಆ ದಿನ ಊಟ ಮಾಡ್ಲಿಲ್ಲ."

ಆ ವಿದ್ಯೆ ನನಗೆ ಪೂರ್ತಿ ಹೊಸದಲ್ಲ. ಮದ್ರಾಸಿನ ಚರ್ಮವಿಭಾಗದಲ್ಲಿ ಅಂಥದೊಂದು ಯಂತ್ರವಿತ್ತು. ತೆಳು ಸೂಜಿಯನ್ನು ಕೂದಲು ಹೊರಟ ರಂಧ್ರದಲ್ಲೇ, ಕೂದಲು ಓರೆಯಾಗಿದ್ದಷ್ಟೇ ಓರೆಯಾಗಿ ಇಳಿಸಿ, ಬಹಳ ಕಡಿಮೆ ವಿದ್ಯುತ್ತು ಹಾಯಿಸಿದರೆ ಬೇರು ಸಾಯುತ್ತದೆ. ಒಂದು ಸಲಕ್ಕೆ ಕೆಲವೇ ಕೂದಲು, ಅದೂ ಒಂದರಿಂದ ಒಂದು ದೂರ. ಒಬ್ಬರ ಮುಖ ಮುಗಿಯಲು ವರ್ಷವೇ ಹಿಡಿಯುತ್ತದೆ. ಅವಸರ ಮಾಡಿದರೆ ಬೇರಿನ ಜೊತೆ ಸುತ್ತಲಿನ ಚರ್ಮವೂ ಬೇಯುತ್ತದೆ. ನಫೀಸಾಳ ಮುಖದಲ್ಲಿ ಆದದ್ದು ಅದೇ.

ಚಿಕಿತ್ಸೆಯಲ್ಲಿ ದೊಡ್ಡದೇನೂ ಇರಲಿಲ್ಲ. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಹತ್ತಿ ಅದ್ದಿ ಹುಣ್ಣಿನ ಮೇಲೆ ಇಡುವುದು, ಪೆನಿಸಿಲಿನ್ ಚುಚ್ಚುವುದು, ಹಕ್ಕಳೆ ಕಟ್ಟಿದ್ದನ್ನು ಕೀಳದಂತೆ ನೋಡುವುದು, ಬಿಸಿಲಿಗೆ ಮುಖ ಒಡ್ಡದಿರುವುದು. ಅದಕ್ಕಿಂತ ಕಷ್ಟವಾದದ್ದು ಮನೆಮದ್ದು ನಿಲ್ಲಿಸುವುದು. ಬೀಫಾತಿಮ್ಮ ಆಗಲೇ ಸುಣ್ಣ, ಅರಸಿನ ಹಚ್ಚಿ ಆಗಿತ್ತು. ಅದರಿಂದ ಎರಡು ಕಡೆ ಇನ್ನಷ್ಟು ಸುಟ್ಟಿತ್ತು. ಇನ್ನು ಏನೂ ಹಚ್ಚುವುದಿಲ್ಲ ಎಂದು ಅವರಿಂದ ಮಾತು ತೆಗೆದುಕೊಂಡೆ. ಕೀವು ನಿಂತು ಗಾಯ ಒಣಗಿತು. ಹೊಂಡಗಳು ಉಳಿದವು. ಕಪ್ಪು ಚುಕ್ಕೆಗಳು ಯಾವುದಕ್ಕೂ ಜಗ್ಗಲಿಲ್ಲ. ಅವು ಯಾಕೆ ಬಂದವೆಂದು ನನಗೆ ಅರ್ಥವಾಗಲಿಲ್ಲ. ಇಂಥ ಚುಕ್ಕೆಯನ್ನು ಮದ್ರಾಸಿನಲ್ಲಿ ನಾನು ನೋಡಿರಲಿಲ್ಲ.

ಪ್ರಭು ಡಾಕ್ಟರಿಗೆ ಅವಳನ್ನು ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, "ಆ ಅಜ್ಜಾವರದ ಹೆಂಗಸಿಗೂ ಹೀಗೇ ಆದದ್ದು ಅಂತ ಕಾಣ್ತದೆ," ಎಂದರು.

ಅಜ್ಜಾವರದ ಹೆಂಗಸು ಎಂದರೆ ಸೀತಮ್ಮ. ಸುಳ್ಯದ ಆಚೆಯ ಗೌಡರ ಮನೆಯವಳು, ಮೂವತ್ತರ ಒಳಗಿನ ಪ್ರಾಯ, ಒಂದು ಚಿಕ್ಕ ಹೆಣ್ಣುಮಗು. ಹಿಂದಿನ ವರ್ಷ ಅವಳು ಗಂಡ ಕುಶಾಲಪ್ಪನ ಜೊತೆ ಬಂದಿದ್ದಳು. ದವಡೆಯ ಕೆಳಗೆ ಕಿವಿಯ ಹತ್ತಿರದಿಂದ ಗದ್ದದ ತನಕ ಕೆಂಪಗೆ, ಗಟ್ಟಿಯಾಗಿ ಉಬ್ಬಿದ ಕಲೆ. ಉರಿಯುವ ಸೌದೆ ತಾಗಿದ್ದು ಎಂದು ಹೇಳಿದ್ದಳು, ನಾವು ನಂಬಿದ್ದೆವು. ಪ್ರಭು ಡಾಕ್ಟರು ಆ ಉಬ್ಬನ್ನು ಕತ್ತರಿಸಿ ತೆಗೆದು, ಕೂದಲೆಳೆಯಂಥ ದಾರದಲ್ಲಿ ಹೊಲಿದರು. ನಾನು ಪಕ್ಕದಲ್ಲಿ ನಿಂತು ಸಹಾಯ ಮಾಡಿದ್ದೆ. ಹೊಲಿಗೆ ಬಿಚ್ಚಿದ ದಿನ ಅಲ್ಲಿ ಒಂದು ಗೆರೆ ಮಾತ್ರ ಇತ್ತು. ಸೀತಮ್ಮ ಕನ್ನಡಿಯಲ್ಲಿ ನೋಡಿಕೊಂಡು ಪ್ರಭು ಡಾಕ್ಟರ ಕಾಲಿಗೆ ಬಗ್ಗಿದ್ದಳು. ಆಮೇಲೆ ಅವಳು ಬರಲಿಲ್ಲ.

"ಬರ್ಲಿಲ್ಲ ಅಂದ್ರೆ ಗುಣ ಆಯ್ತು ಅಂತ ಲೆಕ್ಕ," ಎನ್ನುತ್ತಿದ್ದರು ಪ್ರಭು ಡಾಕ್ಟರು. ಆ ಕಾಲದಲ್ಲಿ ನಾವೆಲ್ಲರೂ ಹಾಗೆಯೇ ತಿಳಿದಿದ್ದೆವು.

ಕಡಬದ ಹೆಂಗಸಿನ ಮೇಲೆ ಪೊಲೀಸರಿಗೆ ಹೇಳಬೇಕೆಂದು ಅವರು ಹೊರಟರು. ಅದಕ್ಕೆ ಮೊದಲು ನಾನೊಮ್ಮೆ ಹೋಗಿ ಆ ಯಂತ್ರ ನೋಡಿ ಬರುತ್ತೇನೆ ಎಂದೆ. ಪೊಲೀಸರು ಬಂದರೆ ನಫೀಸಾಳ ಹೆಸರು ಕಬಕದ ಅಂಗಡಿ ಅಂಗಡಿಯಲ್ಲಿ ಕೇಳಿಬರುತ್ತದೆ ಎಂಬ ಹೆದರಿಕೆ ನನಗಿತ್ತು. ಅವರು ಸ್ವಲ್ಪ ಯೋಚಿಸಿ ಒಪ್ಪಿದರು.

ಒಂದು ಭಾನುವಾರ ಉಪ್ಪಿನಂಗಡಿ ದಾರಿಯಾಗಿ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸು ಹತ್ತಿದೆ. ಬಸ್ಸಿನ ತುಂಬ ದೇವಸ್ಥಾನಕ್ಕೆ ಹೊರಟವರು. ಕಡಬದಲ್ಲಿ ನನ್ನ ಜೊತೆ ಮುಸುಕು ಹೊದ್ದ ಒಬ್ಬ ಹೆಂಗಸೂ ಇಳಿದು, ನಾನು ಹೋಗಬೇಕಾದ ಮನೆಯ ಕಡೆಗೇ ನಡೆದಳು. ನಾನು ಹಿಂದೆಯೇ ಬರುವುದನ್ನು ನೋಡಿ ಹೆದರಿ, ತಿರುಗಿ ಬಸ್ಸು ನಿಲ್ಲುವಲ್ಲಿಗೆ ಹೋಗಿ ನಿಂತಳು. ಅವಳು ಯಾರೆಂದು ನನಗೆ ಕೊನೆಗೂ ತಿಳಿಯಲಿಲ್ಲ.

ಮೋಸಗಾತಿಯೊಬ್ಬಳನ್ನು ನೋಡಲು ಹೋಗುತ್ತಿದ್ದೇನೆ ಎಂದುಕೊಂಡಿದ್ದೆ. ಬಾಗಿಲು ತೆರೆದವಳು ನಲವತ್ತರ ಆಸುಪಾಸಿನ, ತೊಳೆದು ತೊಳೆದು ತೆಳ್ಳಗಾದ ಸೀರೆಯ ವಿಧವೆ. ಕೋಣೆ ಚೊಕ್ಕವಾಗಿತ್ತು. ಒರಗುವ ಕುರ್ಚಿ, ಕನ್ನಡಿ, ಸ್ಪಿರಿಟಿನ ಬಾಟಲಿ, ಮೇಜಿನ ಮೇಲೆ ಮರದ ಪೆಟ್ಟಿಗೆಯಲ್ಲಿ ಬ್ಯಾಟರಿ, ವಯರು, ಸೂಜಿ. ನಾನು ಡಾಕ್ಟರ್ ಎಂದು ಹೇಳಿದಾಗ ಅವಳು ಸಂತೋಷಪಟ್ಟಳು.

"ಕುಳಿತುಕೊಳ್ಳಿ ಡಾಕ್ಟ್ರಮ್ಮ. ನೀವು ಓದಿದವರು ಒಪ್ಪಿದ್ರೆ ನನಗೆ ಧೈರ್ಯ. ನನ್ನ ಮುಖ ನೋಡಿ. ನನಗೆ ಗಂಡಸರ ಹಾಗೆ ಇತ್ತು ಇಲ್ಲಿ, ಇಲ್ಲಿ. ಈಗ ಎಂತಾದ್ರೂ ಕಾಣ್ತದಾ?"

ನಿಜಕ್ಕೂ ಏನೂ ಕಾಣುತ್ತಿರಲಿಲ್ಲ. ಅವಳ ಗದ್ದ ನುಣುಪಾಗಿತ್ತು. ಗಂಡ ಸತ್ತ ಮೇಲೆ ಅವಳು ಬೊಂಬಾಯಿಗೆ ಹೋಗಿ, ಹೆಂಗಸರ ಅಲಂಕಾರದ ಅಂಗಡಿಯೊಂದರಲ್ಲಿ ನೆಲ ಒರೆಸುವ, ಸೂಜಿ ಕುದಿಸುವ ಕೆಲಸಕ್ಕಿದ್ದಳು. ಅಂಗಡಿಯ ಯಜಮಾನಿ ವಿದೇಶದವಳು. ಲಲಿತಳ ಮುಖ ನೋಡಿ ಕನಿಕರಪಟ್ಟು, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಕೂದಲು ತೆಗೆದಿದ್ದಳು. ತನ್ನ ದೇಶಕ್ಕೆ ವಾಪಸು ಹೋಗುವಾಗ ಹಳೆಯ ಯಂತ್ರವನ್ನು ಇವಳಿಗೆ ಬಿಟ್ಟು ಹೋಗಿದ್ದಳು. ಲಲಿತಕ್ಕ ವಿದ್ಯೆ ಕಲಿತದ್ದು ಪಕ್ಕದಲ್ಲಿ ನಿಂತು ನೋಡಿ, ಮತ್ತು ಕುರ್ಚಿಯಲ್ಲಿ ಕುಳಿತು ನೋವು ತಿಂದು.

"ನಿಮ್ಮ ಯಜಮಾನಿ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಮಾಡಿದ್ರು. ನೀವು?"

"ಒಂದೇ ದಿನ ಎಲ್ಲ ತೆಗೀತೇನೆ. ಎಂತ ಮಾಡುದು ಹೇಳಿ. ಸುಬ್ರಹ್ಮಣ್ಯಕ್ಕೆ ಅಂತ ಮನೆಯಲ್ಲಿ ಹೇಳಿ ಬರುದು ಅವರು. ಇಲ್ಲಿ ಇಳಿದು, ಸಾಯಂಕಾಲದ ಬಸ್ಸಿಗೆ ವಾಪಸು ಹೋಗ್ಬೇಕು. ವಾರ ವಾರ ಯಾರು ಬಿಡ್ತಾರೆ ಅವರನ್ನು? ಬೇಗ ಆಗ್ಲಿ ಅಂತ ಕರೆಂಟ್ ಸ್ವಲ್ಪ ಜಾಸ್ತಿ ಇಡ್ತೇನೆ. ನೋವು ಉಂಟು. ಆದ್ರೂ ತಡ್ಕೊಳ್ತಾರೆ, ಪಾಪ."

ನಾನು ಪೆಟ್ಟಿಗೆಯ ವಯರುಗಳನ್ನು ನೋಡಿದೆ. ಎರಡೂ ಒಂದೇ ಬಣ್ಣದವು. ಹಳೆಯವು ತುಂಡಾದಾಗ ರೇಡಿಯೋ ರಿಪೇರಿಯವನಿಂದ ಹೊಸತು ಹಾಕಿಸಿದ್ದಳಂತೆ. ಸೂಜಿಯನ್ನು ಬ್ಯಾಟರಿಯ ಯಾವ ತುದಿಗೆ ಕೊಡಬೇಕೋ ಅದನ್ನು ಬಿಟ್ಟು ಇನ್ನೊಂದಕ್ಕೆ ಕೊಟ್ಟಿದ್ದ. ಹಾಗೆ ಕೊಟ್ಟರೆ ಸೂಜಿಯ ಕಬ್ಬಿಣವೇ ಕರಗಿ ಚರ್ಮದೊಳಗೆ ಸೇರುತ್ತದೆ. ನಫೀಸಾಳ ಮುಖದ ಕಪ್ಪು ಚುಕ್ಕೆಗಳು ಹಚ್ಚೆಯ ಹಾಗೆ ಉಳಿದದ್ದು ಅದಕ್ಕೆ. ಅವು ಹೋಗುವ ಜಾತಿಯವಲ್ಲ ಎಂದು ಅಲ್ಲಿ ನಿಂತೇ ನನಗೆ ತಿಳಿಯಿತು.

"ಲಲಿತಕ್ಕ, ನೀವು ಮಾಡಿದ ಮುಖಗಳು ಸುಟ್ಟು ಹೋಗಿವೆ," ಎಂದೆ.

ಅವಳಿಗೆ ಅದು ಒಳಗೆ ಇಳಿಯಲಿಲ್ಲ. "ಇಲ್ಲ ಡಾಕ್ಟ್ರಮ್ಮ. ಮೊದಲು ಕೆಂಪಾಗ್ತದೆ, ಮತ್ತೆ ಗುಣ ಆಗ್ತದೆ. ಆಗದಿದ್ರೆ ಬಂದು ಜಗಳ ಮಾಡ್ತಿರ್ಲಿಲ್ವಾ? ಒಬ್ಬರೂ ತಿರುಗಿ ಬರ್ಲಿಲ್ಲ."

ಅವಳ ಮಾತಿಗೂ ಪ್ರಭು ಡಾಕ್ಟರ ಮಾತಿಗೂ ವ್ಯತ್ಯಾಸವಿರಲಿಲ್ಲ. ಬಸ್ಸಿನಲ್ಲಿ ಹಿಂದೆ ಬರುವಾಗ ಉದ್ದಕ್ಕೂ ಅದೇ ನನ್ನ ತಲೆಯಲ್ಲಿತ್ತು.

ನಾನು ಕರೆದಂತೆ ಮರುದಿನ ಅವಳು ಪುತ್ತೂರಿಗೆ ಬಂದಳು. ನಫೀಸಾಳಿಗೆ ಮೊದಲೇ ಹೇಳಿ ಒಪ್ಪಿಸಿದ್ದೆ. ಹುಡುಗಿ ಕಿಟಕಿಯ ಪಕ್ಕ ಕುಳಿತು ತಾನಾಗಿಯೇ ಬಟ್ಟೆ ಕೆಳಗಿಳಿಸಿದಳು. ಲಲಿತಕ್ಕ ಹತ್ತಿರ ಹೋಗಿ ನೋಡಿದಳು. ಮುಟ್ಟಲು ಕೈ ಎತ್ತಿದವಳು ಹಾಗೆಯೇ ಕೈ ಹಿಂದೆ ತೆಗೆದುಕೊಂಡಳು. ಬೀಫಾತಿಮ್ಮ ಗೋಡೆಗೆ ಒರಗಿ ನಿಂತಿದ್ದರು.

"ಇವಳ ಮದುವೆ ಮಾತು ಬಿಟ್ಟು ಹೋಯ್ತು," ಎಂದರು ಬೀಫಾತಿಮ್ಮ. "ನಿಮಗೂ ಹೆಣ್ಣುಮಕ್ಕಳು ಉಂಟಾ?"

"ಇಲ್ಲ."

"ಹಾಗಾದ್ರೆ ನಿಮಗೆ ಹೇಳಿ ಎಂತ ಪ್ರಯೋಜನ," ಎಂದು ಅವರು ಮುಖ ತಿರುಗಿಸಿದರು.

ಲಲಿತಕ್ಕ ನೆಲದ ಮೇಲೆ ಕುಳಿತುಬಿಟ್ಟಳು. ಅಳಲಿಲ್ಲ. ನನ್ನ ಕಡೆ ನೋಡಿ, "ಇನ್ನೂ ಇದ್ದಾರೆ ಡಾಕ್ಟ್ರಮ್ಮ. ಕೆಲವರ ಮನೆ ನನಗೆ ಗೊತ್ತುಂಟು," ಎಂದಳು.

ಪ್ರಭು ಡಾಕ್ಟರು ಪೊಲೀಸರ ಮಾತು ಬಿಟ್ಟರು. ಅವಳನ್ನು ಹಿಡಿದುಕೊಟ್ಟರೆ ಆ ಮುಖಗಳು ಎಲ್ಲಿವೆ ಎಂದು ಹೇಳುವವರು ಬೇರೆ ಯಾರೂ ಇರಲಿಲ್ಲ. ಯಂತ್ರವನ್ನು ಅವಳೇ ತಂದು ನಮ್ಮ ಮೇಜಿನ ಮೇಲಿಟ್ಟಳು. ರಜೆಯ ದಿನಗಳಲ್ಲಿ ನಾನು, ಅವಳು ಬಸ್ಸು ಹಿಡಿದು ಹೊರಟೆವು.

ಆ ತಿರುಗಾಟ ಸುಲಭದ್ದಾಗಿರಲಿಲ್ಲ. ಒಂದು ಮನೆಯಲ್ಲಿ, ಇಲ್ಲಿ ಅಂಥವರು ಯಾರೂ ಇಲ್ಲ ಎಂದು ಬಾಗಿಲು ಹಾಕಿದರು. ಒಳಗಿನಿಂದ ಒಬ್ಬಳು ಕಿಟಕಿಯಲ್ಲಿ ನಮ್ಮನ್ನು ನೋಡುತ್ತಿದ್ದಳು. ಇನ್ನೊಂದು ಕಡೆ ಲಲಿತಕ್ಕನ ಮೇಲೆ ಮುಸುರೆ ನೀರು ಎರಚಿದರು. ಸೆರಗಿನಲ್ಲಿ ಮುಖ ಒರೆಸಿಕೊಂಡು ಅವಳು ಮುಂದಿನ ಮನೆಗೆ ದಾರಿ ತೋರಿಸಿದಳು. ಕೆಲವರು ಮಾತ್ರ ಬಾಗಿಲು ತೆರೆದರು. ಅವರಿಗೆ ನಾನು ಮನೆಯಲ್ಲೇ ಮದ್ದು ಹೇಳಿದೆ. ಒಣಗಿದ ಕಲೆಯನ್ನು ತೆಂಗಿನೆಣ್ಣೆ ಮುಟ್ಟಿಸಿ ಬೆರಳಿನಿಂದ ಮೆಲ್ಲಗೆ ಒತ್ತಿ ತಿಕ್ಕುವುದನ್ನು ತೋರಿಸಿದೆ. ಅದರಿಂದ ಕಲೆ ಮೆತ್ತಗಾಗುತ್ತದೆ, ಮಾಯವಾಗುವುದಿಲ್ಲ. ಮಾಯವಾಗುವುದಿಲ್ಲ ಎಂದು ಹೇಳುವುದನ್ನೂ ನಾನು ಆಗ ಕಲಿತೆ. ಆ ತನಕ ನಾನು ರೋಗಿಗಳಿಗೆ "ಸರಿಯಾಗ್ತದೆ" ಎಂದೇ ಹೇಳಿ ಕಳಿಸುತ್ತಿದ್ದೆ.

ಸುಬ್ರಹ್ಮಣ್ಯದಲ್ಲಿ ಗಿರಿಜಾ ಎಂಬವಳಿದ್ದಳು. ಯಾತ್ರಿಕರು ಇಳಿಯುವ ವಸತಿಗೃಹವೊಂದರಲ್ಲಿ ಅವಳ ಗಂಡ ಅಡುಗೆಯವನು. ಅವಳ ಗದ್ದದ ಕಲೆ ಚಿಕ್ಕದು. ನೋಡಿ ಮುಗಿಸಿ ಎದ್ದು ನಿಂತಿದ್ದೆ. ಆ ತನಕ ತಲೆಯಾಡಿಸಿಯೇ ಉತ್ತರಿಸುತ್ತಿದ್ದ ಅವಳು ಆಗ ಒಳಗಿದ್ದ ಗಂಡನನ್ನು ಕರೆದಳು. ಆ ಧ್ವನಿ ಗಂಡಸಿನದಾಗಿತ್ತು. ನಾನು ಪುನಃ ಕುಳಿತೆ.

"ನಿಮ್ಮ ಧ್ವನಿ ಮೊದಲಿಂದಲೂ ಹೀಗೆಯಾ?"

"ಇಲ್ಲ. ಒಂದು ವರ್ಷ ಆಯ್ತು. ಶೀತ ಅಂತ ಕಷಾಯ ಕುಡೀತಾ ಇದ್ದೇನೆ."

"ಮುಟ್ಟು?"

ಅವಳು ಗಂಡ ಕೇಳುತ್ತಾನೋ ಎಂದು ಹಿಂದೆ ನೋಡಿ, ತಲೆ ಅಲ್ಲಾಡಿಸಿದಳು. ಅದೂ ನಿಂತು ಅಷ್ಟೇ ಕಾಲವಾಗಿತ್ತು. ಕೂದಲು ಬಂದದ್ದೂ ಆಮೇಲೆಯೇ. ಹೊಟ್ಟೆ ಮುಟ್ಟಿ ನೋಡಿದಾಗ ಕೆಳಗೆ ಒಂದು ಬದಿಯಲ್ಲಿ ಗಡ್ಡೆ ಕೈಗೆ ಸಿಕ್ಕಿತು.

ಅವಳನ್ನು ಮಂಗಳೂರಿಗೆ ಕಳಿಸಿದೆವು. ಕೂದಲು, ಧ್ವನಿ ಎಲ್ಲಕ್ಕೂ ಕಾರಣವಾಗಿದ್ದ ಅಂಡಾಶಯದ ಗಡ್ಡೆಯನ್ನು ಅಲ್ಲಿ ತೆಗೆದರು. ಅವಳು ಬದುಕಿದಳು. ಮುಟ್ಟು ತಿರುಗಿ ಬಂತು, ಧ್ವನಿ ಮಾತ್ರ ಮೊದಲಿನಂತಾಗಲಿಲ್ಲ. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿನ ಸರ್ಜನ್ ಹೇಳಿ ಕಳಿಸಿದರು. ಈಗಿನವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಮುಖದ ಕೂದಲೆಂದು ಬಂದ ಹೆಣ್ಣನ್ನು ಮುಖ ಮಾತ್ರ ನೋಡಿ ಕಳಿಸಬೇಡಿ. ಯಾವಾಗ ಶುರುವಾಯಿತು, ಬೇಗ ಬೆಳೆಯಿತೋ ನಿಧಾನವೋ, ಮುಟ್ಟು ಹೇಗಿದೆ, ಇಷ್ಟನ್ನಾದರೂ ಕೇಳಿ. ನಫೀಸಾಳನ್ನು ನಾನು ಇದನ್ನೆಲ್ಲ ಕೇಳಿದ್ದು ಗಿರಿಜಾಳನ್ನು ನೋಡಿದ ಮೇಲೆ. ಅವಳಿಗೆ ಹಾಗೇನೂ ಇರಲಿಲ್ಲ, ಅವಳ ತಂದೆಯ ಕಡೆಯ ಹೆಂಗಸರೆಲ್ಲರಿಗೂ ಸ್ವಲ್ಪ ಕೂದಲಿತ್ತು, ಅಷ್ಟೆ.

ಅಜ್ಜಾವರಕ್ಕೆ ಹೋದದ್ದು ಕೊನೆಗೆ. ಸೀತಮ್ಮ ಗುಣವಾದವಳು ಎಂಬ ಲೆಕ್ಕದಲ್ಲಿ ಅವಳನ್ನು ಹಿಂದೆ ಇಟ್ಟಿದ್ದೆ. ಮನೆ ಕಾಣುತ್ತಿದ್ದಂತೆ ಲಲಿತಕ್ಕ ನಿಂತಳು. "ನೀವು ಹೋಗಿ ಡಾಕ್ಟ್ರಮ್ಮ. ಇವಳಿಗೆ ಕರೆಂಟ್ ಕೊಟ್ಟದ್ದು ನನಗೆ ನೆನಪುಂಟು. ಸಾಕು ಅಂತ ಎರಡು ಸಲ ಹೇಳಿದ್ಲು. ನಾನು ಇನ್ನು ಸ್ವಲ್ಪವೇ ಅಂತ ಬಿಡ್ಲಿಲ್ಲ."

ನಾನೊಬ್ಬಳೇ ಅಂಗಳಕ್ಕೆ ಹೋದೆ. ಸೀತಮ್ಮ ಬೆನ್ನು ಹಾಕಿ ಕುಳಿತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಕರೆದಾಗ ತಿರುಗಿದಳು. ಕತ್ತರಿಸಿ ತೆಗೆದ ಜಾಗದಲ್ಲಿ ಮೊದಲಿದ್ದದ್ದಕ್ಕಿಂತ ಎರಡರಷ್ಟು ದೊಡ್ಡ ಉಬ್ಬು ಎದ್ದಿತ್ತು. ಹೊಲಿಗೆ ಹಾಕಿದ ಒಂದೊಂದು ತೂತಿನಲ್ಲೂ ಬೇರೆ ಗಂಟು. ಕುತ್ತಿಗೆಯ ಚರ್ಮ ಒಂದು ಬದಿಗೆ ಎಳೆದುಕೊಂಡು ತಲೆ ಸ್ವಲ್ಪ ಓರೆಯಾಗಿತ್ತು. ಮಾತಾಡುವಾಗಲೂ ಅವಳ ಉಗುರು ಆ ಕಲೆಯನ್ನು ಕೆರೆಯುತ್ತಲೇ ಇತ್ತು.

"ಯಾಕೆ ಬರ್ಲಿಲ್ಲ ನೀವು?" ಎಂದೆ.

"ಹೇಗೆ ಬರುದು ಅಮ್ಮ? ಡಾಕ್ಟ್ರು ಅಷ್ಟು ಚೆಂದ ಹೊಲಿದಿದ್ರು. ಇದನ್ನು ನೋಡಿದ್ರೆ ಅವರಿಗೆ ಬೇಜಾರಾಗ್ತದೆ ಅಂತ ಬರ್ಲಿಲ್ಲ."

ಕುಶಾಲಪ್ಪ ಜಗಲಿಯಲ್ಲಿ ನಿಂತಿದ್ದ. "ಅವಳು ಮದುವೆ, ತಿಥಿ ಎಲ್ಲಿಗೂ ಬರುದಿಲ್ಲ. ತುರಿಕೆಯಲ್ಲಿ ನಿದ್ದೆಯೂ ಇಲ್ಲ. ಮಗಳನ್ನು ಶಾಲೆಗೆ ಬಿಡ್ಲಿಕ್ಕೆ ನಾನೇ ಹೋಗುದು," ಎಂದ.

ಪುತ್ತೂರಿಗೆ ಬಂದು ಪ್ರಭು ಡಾಕ್ಟರಿಗೆ ಕಂಡದ್ದನ್ನು ಕಂಡಂತೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ತಮ್ಮ ಎರಡು ಕೈಗಳನ್ನು ನೋಡುತ್ತಾ ಕುಳಿತರು. ಮುಂದಿನ ಭಾನುವಾರ ತಮ್ಮ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಅಜ್ಜಾವರಕ್ಕೆ ಹೋದರು. ಅವರು ರೋಗಿಯ ಮನೆಗೆ ಹೋದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಸೀತಮ್ಮ ಎದ್ದು ನಿಂತು ಸೆರಗಿನಿಂದ ಕಲೆ ಮುಚ್ಚಿಕೊಂಡಳು.

"ಮುಚ್ಚಬೇಡಿ," ಎಂದರು ಪ್ರಭು ಡಾಕ್ಟರು. "ಇದನ್ನು ಮಾಡಿದ್ದು ನಾನು. ಕತ್ತರಿಸಬಾರದಿತ್ತು. ಕೆಲವರ ಚರ್ಮ ಕತ್ತರಿಸಿದಷ್ಟೂ ಬೆಳೀತದೆ. ನನ್ನ ಕೈ ಚೆನ್ನಾಗಿದ್ರೆ ಸಾಕು ಅಂತ ತಿಳಿದಿದ್ದೆ."

"ನೀವು ಎಂತ ಮಾಡ್ತೀರಿ ಡಾಕ್ಟ್ರೆ, ನನ್ನ ಹಣೆಬರಹ," ಎಂದಳು ಸೀತಮ್ಮ.

"ಹಣೆಬರಹ ಅಲ್ಲ," ಎಂದರು ಅವರು. ಸೀತಮ್ಮ ತಂದಿಟ್ಟ ಬೆಲ್ಲ ನೀರು ಕುಡಿದು ನಾವು ಹೊರಟೆವು.

ಅಂದಿನಿಂದ ಆಸ್ಪತ್ರೆಯ ಪದ್ಧತಿ ಬದಲಾಯಿತು. ಹೊಲಿಗೆ ಬಿಚ್ಚಿದವರೆಲ್ಲ ಕೆಲವು ತಿಂಗಳ ಮೇಲೆ ಪುನಃ ಬಂದು ತೋರಿಸಬೇಕು, ಬಾರದವರ ಮನೆಗೆ ನಾವು ಹೋಗಬೇಕು. ಹಾಗೆ ಹೋಗುವ ಕೆಲಸಕ್ಕೆ ಪ್ರಭು ಡಾಕ್ಟರು ಲಲಿತಕ್ಕನನ್ನು ಆಯಾ ಎಂದು ಸೇರಿಸಿಕೊಂಡರು. ನರ್ಸುಗಳಿಗೆ ಅದು ಹಿಡಿಸಲಿಲ್ಲ. ಅವಳಂಥವಳನ್ನು ಇಲ್ಲಿ ಯಾಕೆ ಇಟ್ಟುಕೊಳ್ಳಬೇಕು ಎಂದು ಒಬ್ಬಳು ಕೇಳಿಯೇ ಬಿಟ್ಟಳು. "ತಾನು ಮಾಡಿದ್ದನ್ನು ಅವಳು ಕಣ್ಣಲ್ಲಿ ಕಂಡಿದ್ದಾಳೆ. ನಾನೂ ಕಂಡಿದ್ದೇನೆ. ನೀವು ಇನ್ನೂ ಕಂಡಿಲ್ಲ," ಎಂದರು ಅವರು.

ನಫೀಸಾ ಒಂದು ದಿನ ಒಬ್ಬಳೇ ಬಂದಳು. ಕಲೆಗಳ ನಡುವೆ ಕೂದಲು ಪುನಃ ಬೆಳೆದಿತ್ತು, ಅದೂ ಸೊಟ್ಟ ಸೊಟ್ಟವಾಗಿ. "ಗಾಯ ಗುಣ ಮಾಡಿದ್ರಿ ಡಾಕ್ಟ್ರಮ್ಮ. ಕೂದಲಿಗೆ ಎಂತ ಮಾಡುದು?" ಎಂದಳು. ಆ ಪ್ರಶ್ನೆಗೆ ಉತ್ತರವಿಲ್ಲದ್ದರಿಂದಲೇ ಇಷ್ಟೆಲ್ಲ ನಡೆದದ್ದು. ನಾನು ಡ್ರಾಯರಿನಿಂದ ಬಾಗಿದ ತುದಿಯ ಚಿಕ್ಕ ಕತ್ತರಿ ತೆಗೆದು, ಕನ್ನಡಿಯ ಮುಂದೆ ಕೂರಿಸಿ, ಚರ್ಮಕ್ಕೆ ತಾಗದಂತೆ ಬುಡದಲ್ಲಿ ಕತ್ತರಿಸುವುದನ್ನು ತೋರಿಸಿದೆ. ಕತ್ತರಿಸಿದರೆ ದಪ್ಪವಾಗಿ ಬೆಳೆಯುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ, ಅದು ಸುಳ್ಳು ಎಂದೂ ಹೇಳಿದೆ. ಅವಳು ಕತ್ತರಿಯನ್ನು ತಿರುಗಿಸಿ ನೋಡಿ, "ಇಷ್ಟೇಯಾ?" ಎಂದಳು. ಹೌದು, ಇಷ್ಟೇ ಎಂದೆ. ಕೆಲವು ವರ್ಷಗಳ ಮೇಲೆ ಅವಳಿಗೆ ವಿಟ್ಲದ ಕಡೆ ಮದುವೆಯಾಯಿತು. ಮಾತು ನಡೆಯುವಾಗಲೇ ಬಟ್ಟೆ ಸರಿಸಿ ಮುಖ ತೋರಿಸಿದ್ದಳೆಂದು ಬೀಫಾತಿಮ್ಮ ಬಂದು ಹೇಳಿದರು.

ಪ್ರಭು ಡಾಕ್ಟರು ಅರವತ್ತರ ದಶಕದ ಮೊದಲಲ್ಲಿ ತೀರಿಕೊಂಡರು. ಉಬ್ಬಿದ ಕಲೆಯೊಳಗೇ ಸ್ಟೀರಾಯ್ಡ್ ಮದ್ದು ಚುಚ್ಚುವ ಹೊಸ ಕ್ರಮ ನಮ್ಮ ಕಡೆ ಬಂದದ್ದು ಆಮೇಲೆ. ಅವರು ಅದನ್ನು ನೋಡಲಿಲ್ಲ. ಮದ್ದು ಮಂಗಳೂರಿನಿಂದ ತರಿಸಬೇಕಿತ್ತು. ಮೊದಲ ಸಲ ಒಬ್ಬ ರೋಗಿಗೆ ಚುಚ್ಚಿದಾಗ ಕಲೆ ಎಷ್ಟು ಗಟ್ಟಿಯಾಗಿತ್ತೆಂದರೆ ಒತ್ತಡಕ್ಕೆ ಸಿರಿಂಜಿನಿಂದ ಸೂಜಿಯೇ ಕಳಚಿ, ಮದ್ದೆಲ್ಲ ನನ್ನ ಕನ್ನಡಕದ ಮೇಲೆ ಹಾರಿತು. ಸೂಜಿಯನ್ನು ತಿರುಗಿಸಿ ಬಿಗಿಯುವ ಸಿರಿಂಜನ್ನೇ ಉಪಯೋಗಿಸಬೇಕೆಂದು ಹಾಗೆ ಕಲಿತೆ. ಮದ್ದು ಹೆಚ್ಚಾದರೆ ಚರ್ಮ ಹೊಂಡ ಬೀಳುತ್ತದೆ, ಕಡಿಮೆಯಾದರೆ ಕಲೆ ಕೇಳುವುದಿಲ್ಲ. ವಾರಗಟ್ಟಲೆ ಬಿಟ್ಟು ಬಿಟ್ಟು ಚುಚ್ಚಬೇಕು.

ಸೀತಮ್ಮನಿಗೆ ನಾನೇ ಹೇಳಿ ಕಳಿಸಿದೆ. ಅವಳು ಬಂದಳು, ಆದರೆ ಒಂದು ಮಾತು ಕೇಳಿದಳು. "ಕಡಬದವಳು ಇಲ್ಲಿ ಉಂಟಂತಲ್ಲ. ನನ್ನ ಎದುರು ಬರುದು ಬೇಡ." ಆಗಲಿ ಎಂದೆ. ಅವಳು ಬರುವ ದಿನ ಲಲಿತಕ್ಕ ಹಿಂದಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಾ ಇರುತ್ತಿದ್ದಳು.

ಈ ಚುಚ್ಚುಮದ್ದಿನ ನೋವು ಕೆಟ್ಟದ್ದು. ಕಲೆಯೊಳಗೆ ಮದ್ದಿಗೆ ಜಾಗವಿರುವುದಿಲ್ಲ, ಬಲವಂತವಾಗಿ ನುಗ್ಗಿಸಬೇಕು. ರೋಗಿ ತಲೆ ಕದಲಿಸಿದರೆ ಮದ್ದು ಬೇರೆಲ್ಲೋ ಹೋಗುತ್ತದೆ. ಹಾಗಾಗಿ ಯಾರಾದರೊಬ್ಬರು ತಲೆಯನ್ನು ಎರಡು ಕೈಯಲ್ಲಿ ಹಿಡಿದಿರಬೇಕು. ಸೀತಮ್ಮನ ತಲೆಯನ್ನು ಒಬ್ಬ ನರ್ಸ್ ಹಿಡಿಯುತ್ತಿದ್ದಳು. ಮೂರು ನಾಲ್ಕು ಭೇಟಿಯಲ್ಲಿ ತುರಿಕೆ ಕಡಿಮೆಯಾಯಿತು, ಉಬ್ಬು ಅಂಚಿನಿಂದ ಮೆತ್ತಗಾಗತೊಡಗಿತು.

ಒಂದು ದಿನ ಆ ನರ್ಸ್ ಹೆರಿಗೆಯ ಕೋಣೆಯಲ್ಲಿದ್ದಳು. ಹೊರಗೆ ಕುಶಾಲಪ್ಪನೂ ಇರಲಿಲ್ಲ, ಮಗಳಿಗೆ ಚಪ್ಪಲಿ ಕೊಡಿಸಲು ಪೇಟೆಗೆ ಹೋಗಿದ್ದ. ನಾನು ಸಿರಿಂಜು ತುಂಬಿಸಿ ಕಾಯುತ್ತಾ ನಿಂತೆ.

"ಇವತ್ತು ಬೇಡ ಸೀತಮ್ಮ. ಹಿಡ್ಕೊಳ್ಳಿಕ್ಕೆ ಜನ ಇಲ್ಲ. ಇನ್ನೊಂದು ದಿನ ಮಾಡುವ."

ಅವಳು ಮಲಗಿದಲ್ಲಿಂದ ಮೇಲಿನ ಹಂಚು ನೋಡುತ್ತಾ, "ಅವಳು ಇಲ್ವಾ?" ಎಂದಳು.

"ಯಾರು?"

"ಅವಳೇ. ನನಗೆ ಗೊತ್ತುಂಟು, ನಾನು ಬಂದಾಗೆಲ್ಲ ಹಿಂದೆ ಹೋಗಿ ಕುಳಿತುಕೊಳ್ತಾಳೆ." ಸೆರಗನ್ನು ಕತ್ತಿನಿಂದ ಸರಿಸಿ, "ಕರೀರಿ," ಎಂದಳು.

ನಾನು ಹಿಂದಿನ ಕೋಣೆಗೆ ಹೋಗಿ ಹೇಳಿದೆ. ಲಲಿತಕ್ಕ ನಂಬದೆ ನನ್ನ ಮುಖ ನೋಡಿದಳು. ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದಳು. ಒರೆಸಿಕೊಂಡು, ಪುನಃ ತೊಳೆದಳು. ಒಳಗೆ ಬಂದು ಮಂಚದ ತಲೆಯ ಕಡೆ ನಿಂತಳು. ಅವಳು ಸೀತಮ್ಮನ ತಲೆಯನ್ನು ಎರಡು ಅಂಗೈಯಲ್ಲಿ ಹಿಡಿದುಕೊಂಡಳು.

ನಾನು ಸೂಜಿ ಇಳಿಸಿದೆ. ಸೀತಮ್ಮ ಹಲ್ಲು ಕಚ್ಚಿದಳು, ಕಣ್ಣಿನ ಕೊನೆಯಿಂದ ನೀರು ಇಳಿದು ಲಲಿತಕ್ಕನ ಬೆರಳಿನ ಮೇಲೆ ಹರಿಯಿತು. ಅರ್ಧದಲ್ಲಿ ಸೀತಮ್ಮ, "ಸಾಕು," ಎಂದಳು.

ಲಲಿತಕ್ಕ ತಟ್ಟನೆ, "ನಿಲ್ಲಿಸಿ ಡಾಕ್ಟ್ರಮ್ಮ," ಎಂದಳು.

ನಾನು ಸೂಜಿ ತೆಗೆದೆ. ಸೀತಮ್ಮ ಕಣ್ಣು ಮುಚ್ಚಿ ಮೆಲ್ಲಗೆ ಉಸಿರು ಬಿಡುತ್ತಾ ಇದ್ದಳು. ಲಲಿತಕ್ಕ ಕೈ ತೆಗೆಯಬೇಕೋ ಬೇಡವೋ ಎಂದು ತಿಳಿಯದೆ ಹಾಗೆಯೇ ಹಿಡಿದು ನಿಂತಿದ್ದಳು. ಆಮೇಲೆ ಸೀತಮ್ಮ ಕ್ಷೀಣವಾಗಿ, "ಬಿಡ್ಬೇಡಿ ಅಕ್ಕ. ಇನ್ನು ಸ್ವಲ್ಪ ಉಂಟಲ್ಲ, ಮುಗಿಸ್ಲಿ ಅವರು," ಎಂದಳು.